ಹೊಗೆಗೆ ಮೊದಲೇ ಕಾದ ಎಣ್ಣೆ

ಹೊಳಲ್ಕೆರೆ ಬಸ್ ನಿಲ್ದಾಣದ ಹತ್ತಿರ ನನ್ನ ತಂಗಿ ಬಹಳ ವರ್ಷಗಳಿಂದ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ನಡೆಸುತ್ತಿದ್ದಾಳೆ. ಕಳೆದ ವರ್ಷ ಅವಳ ಕಣ್ಣು ಸದಾ ಕೆಂಪಗಿರುತ್ತಿತ್ತು, ಒಣಕೆಮ್ಮು ಬಿಡುತ್ತಿರಲಿಲ್ಲ. ಒಲೆ ಮುಂದೆ ನಿಲ್ಲುವುದನ್ನೇ ಬಿಡಿ ಎಂದು ಚಿತ್ರದುರ್ಗದ ವೈದ್ಯರು ಹೇಳಿದರು. ಅವಳು ಒಂದು ತಿಂಗಳ ಅವಕಾಶ ಕೇಳಿಕೊಂಡು ಬಂದಳು. ಅಂಗಡಿ ಮುಚ್ಚಿದರೆ ಸಂಜೆಯೆಲ್ಲ ಗೋಡೆ ನೋಡುತ್ತ ಕೂರಬೇಕಲ್ಲ ಎಂಬುದೇ ಅವಳ ಸಂಕಟ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮರುದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಅಂಗಡಿಯಲ್ಲಿದ್ದೆ. ಬಾಣಲೆಯಿಂದ ತೆಳು ನೀಲಿ ಹೊಗೆ ಎದ್ದಿತು. ಮೂಗಿಗೆ ಬಡಿದ ಕೂಡಲೇ ಗುರುತು ಸಿಕ್ಕಿತು. ಪ್ರಯೋಗಾಲಯದಲ್ಲಿ ಗ್ಲಿಸರಿನ್ ಜೊತೆ ಪೊಟ್ಯಾಸಿಯಂ ಬೈಸಲ್ಫೇಟ್ ಕಾಯಿಸಿದಾಗ ಬರುತ್ತಿದ್ದ ಅದೇ ಕಟುವಾಸನೆ, ಅಕ್ರೋಲೀನ್. ಆ ಪ್ರಯೋಗದ ದಿನ ಕಿಟಕಿಗಳನ್ನೆಲ್ಲ ತೆರೆಯದೆ ನಾನು ಬರ್ನರ್ ಹಚ್ಚಗೊಡುತ್ತಿರಲಿಲ್ಲ.

ಅದು ಮೂರೇ ಇಂಗಾಲದ ಪುಟ್ಟ ಅಣು. ಒಂದು ತುದಿಯಲ್ಲಿ ಆಲ್ಡಿಹೈಡ್, ಪಕ್ಕದಲ್ಲೇ ಒಂದು ಜೋಡಿ ಬಂಧ. ಎರಡೂ ಸೇರಿದ್ದರಿಂದ ಅದಕ್ಕೆ ಸುಮ್ಮನಿರಲು ಬರುವುದಿಲ್ಲ. ಕಣ್ಣು, ಗಂಟಲಿನ ಒದ್ದೆ ಪೊರೆ ಸಿಕ್ಕರೆ ಸಾಕು, ಅಂಟಿಕೊಂಡು ಉರಿಸುತ್ತದೆ. ಎಣ್ಣೆ ಮಿತಿಮೀರಿ ಕಾದರೆ ಒಡೆದು ಇದು ಹುಟ್ಟುತ್ತದೆ, ಹುಟ್ಟಿದ ಕ್ಷಣವೇ ಆವಿಯಾಗಿ ಮುಖಕ್ಕೆ ಬರುತ್ತದೆ.

ಹೊಗೆ ಏಳುವವರೆಗೆ ಯಾಕೆ ಕಾಯಿಸುತ್ತೀ ಎಂದು ಕೇಳಿದೆ.

"ಅವ್ವ ಹಂಗೇ ಮಾಡ್ತಿದ್ಳಲ್ಲಕ್ಕ. ಹೊಗೆ ಕಾಣದೆ ಬಿಟ್ರೆ ಮೆಣಸಿನಕಾಯಿ ಎಣ್ಣೆ ಕುಡೀತೈತೆ. ನಿನ್ನ ಲ್ಯಾಬ್ ಬ್ಯಾರೆ, ನನ್ನ ಬಾಂಡ್ಲಿ ಬ್ಯಾರೆ."

ಅವ್ವನ ಮಾತು ತಪ್ಪಿರಲಾರದು ಎಂದು ನನಗೂ ಅನಿಸಿತು. ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು: ಅವ್ವ ಬಳಸುತ್ತಿದ್ದುದು ಬಿ.ದುರ್ಗದ ಕಡೆಯಿಂದ ತರಿಸಿದ ಗಾಣದ ಕಡಲೆಕಾಯಿ ಎಣ್ಣೆ, ತಂಗಿಯದು ಪ್ಯಾಕೆಟ್ಟಿನ ರಿಫೈನ್ಡ್ ಎಣ್ಣೆ.

ಮಾರನೆಯ ದಿನ ಗಾಣದ ಎಣ್ಣೆ ಒಂದು ಲೋಟ, ಒಂದೇ ಅಳತೆಯ ಎರಡು ಬಾಣಲೆ ತೆಗೆದುಕೊಂಡು ಹೋದೆ. ಉರಿ ಒಂದೇ, ಕೈಯಲ್ಲಿ ಗಡಿಯಾರ. ಆಗಾಗ ಎರಡಕ್ಕೂ ಒಂದೊಂದು ಹನಿ ಕಲಸಿದ ಕಡಲೆಹಿಟ್ಟು ಬಿಡು ಎಂದೆ. ರಿಟೈರಾದರೂ ಇವಳ ಪ್ರಾಕ್ಟಿಕಲ್ ಮುಗಿದಿಲ್ಲ ಎಂದು ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಲೇ ಹನಿ ಬಿಟ್ಟಳು.

ಎರಡರಲ್ಲೂ ಹನಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಗುಳ್ಳೆಯೆದ್ದು ತೇಲಿತು, ಅಂದರೆ ಎರಡೂ ಕರಿಯುವಷ್ಟು ಕಾದಿದ್ದವು. ಗಾಣದ ಎಣ್ಣೆಯಲ್ಲಿ ಆಗಲೇ ಸಣ್ಣಗೆ ಹೊಗೆ. ಪ್ಯಾಕೆಟ್ ಎಣ್ಣೆಯಲ್ಲಿ ಹೊಗೆಯ ಸುಳಿವೇ ಇಲ್ಲ. ಅದು ಹೊಗೆಯಾಡಲು ಇನ್ನೂ ಬಹಳ ಬಿಸಿ ಬೇಕು. ಅವ್ವನ ಲೆಕ್ಕ ಅವ್ವನ ಎಣ್ಣೆಗೆ ಸರಿಯಿತ್ತು. ಎಣ್ಣೆ ಬದಲಾದರೂ ನಾವು ಲೆಕ್ಕ ಬದಲಿಸಿರಲಿಲ್ಲ.

ತಂಗಿ ಹೊಗೆಯಿಲ್ಲದ ಎಣ್ಣೆಗೆ ಹಿಟ್ಟಿನಲ್ಲಿ ಅದ್ದಿದ ನಾಲ್ಕು ಮೆಣಸಿನಕಾಯಿ ಬಿಟ್ಟಳು. ತೆಗೆದು ಒಂದನ್ನು ಮುರಿದು, ಕಾಗದದ ಮೇಲೆ ಒತ್ತಿ ನೋಡಿದಳು. ಜಿಡ್ಡು ಹೆಚ್ಚಿರಲಿಲ್ಲ.

"ಇಷ್ಟು ವರ್ಷ ಸುಮ್ನೆ ಕಣ್ಣೀರು ಹಾಕ್ದೆ ಹಂಗಾರೆ," ಎಂದಳು.

ಅಂದಿನಿಂದ ಅವಳು ಹೊಗೆಗೆ ಕಾಯದೆ, ಹಿಟ್ಟಿನ ಹನಿ ತೇಲಿದೊಡನೆ ಕರಿಯತೊಡಗಿದಳು. ಉಳಿದ ಕಪ್ಪು ಎಣ್ಣೆಗೆ ಹೊಸದು ಬೆರೆಸುವುದನ್ನೂ ಬಿಡಿಸಿದೆ. ಹಳೆಯ ಎಣ್ಣೆ ಬೇಗ ಹೊಗೆಯಾಡುತ್ತದೆ. ಸಂತೆಯ ದಿನ ಗಡಿಬಿಡಿಯಲ್ಲಿ ಮರೆಯುತ್ತಾಳೆ, ಆಗ ಕೆಮ್ಮೇ ನೆನಪಿಸುತ್ತದೆ. ತಿಂಗಳು ತುಂಬಿದ ಮೇಲೆ ಇಬ್ಬರೂ ಚಿತ್ರದುರ್ಗಕ್ಕೆ ಹೋದೆವು. ವೈದ್ಯರು ಕಣ್ಣಿಗೆ ದೀಪ ಹಿಡಿದು ನೋಡಿ, ಕೆಂಪು ಇಳಿದಿದೆ, ಅಂಗಡಿ ನಡೆಸಿ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದರು. ಸಂಜೆಯ ಅಂಗಡಿಗೆ ಹಿಟ್ಟು ಕಲಸಬೇಕು ಎಂದು ಅವಳು ನನ್ನನ್ನು ಎಳೆದುಕೊಂಡು ಎರಡು ಗಂಟೆಯ ಬಸ್ಸನ್ನೇ ಹತ್ತಿದಳು.