ಊಟದ ಡಬ್ಬಿಯ ಮೇಲಿನ ಕೈ

ಹುಡುಗ ಒಪ್ಪಿದ್ದ, ನಾನು ಒಪ್ಪಿದ್ದೆ, ಎರಡೂ ಮನೆಯವರು ಒಪ್ಪಿ ಸಿಹಿ ತಿಂದಾಗಿತ್ತು. ಮದುವೆಗೆ ಅಡ್ಡ ನಿಂತದ್ದು ನನ್ನ ಸಾಕ್ಷಿ. ಯೇಸುಸ್ವಾಮಿ ನಮ್ಮ ಬದುಕಿಗೆ ಬರುವ ಮುಂಚೆ ನಾವು ಎಂಥವರಾಗಿದ್ದೆವು, ಬಂದ ಮೇಲೆ ಏನಾದೆವು ಎಂದು ಸಭೆಯ ಮುಂದೆ ಎದ್ದು ನಿಂತು ಹೇಳುವುದಕ್ಕೆ ನಮ್ಮವರಲ್ಲಿ ಸಾಕ್ಷಿ ಹೇಳುವುದು ಎನ್ನುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಭದ್ರಾವತಿಯ ನ್ಯೂಟೌನ್‌ನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸ್. ಅಲ್ಲಿನ ನಮ್ಮ ಚರ್ಚಿನಲ್ಲಿ ನಾನು ಮೂರು ತಿಂಗಳ ಕೂಸಾಗಿದ್ದಾಗಲೇ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿದ್ದರು. ಶಿವಮೊಗ್ಗದ ಗೋಪಾಳದಲ್ಲಿದ್ದ ಹುಡುಗನ ಮನೆಯವರ ಸಭೆಯಲ್ಲಿ ಆ ನೀರು ಲೆಕ್ಕಕ್ಕಿಲ್ಲ. ಬುದ್ಧಿ ಬಂದ ಮೇಲೆ ಪೂರ್ತಿ ಮುಳುಗಿ ಏಳಬೇಕು, ಅದಕ್ಕೂ ಮುಂಚೆ ಸಾಕ್ಷಿ ಹೇಳಬೇಕು. ಸಾಕ್ಷಿ ಒಪ್ಪಿಗೆಯಾಗದಿದ್ದರೆ ದೀಕ್ಷಾಸ್ನಾನವಿಲ್ಲ, ದೀಕ್ಷಾಸ್ನಾನವಿಲ್ಲದೆ ಅಲ್ಲಿ ಮದುವೆಯಿಲ್ಲ. ಮುಳುಗುವುದಕ್ಕೆ ನನ್ನ ತಕರಾರೇನೂ ಇರಲಿಲ್ಲ. ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಮೊದಲ ಸಲ ಅಲ್ಲಿನ ಪಾಸ್ಟರ್ ಬಹಳ ಪ್ರೀತಿಯಿಂದಲೇ ಕೇಳಿದರು.

"ರಕ್ಷಣೆ ಹೊಂದೋಕೆ ಮುಂಚೆ ಹೇಗಿದ್ರಿ ಸಿಸ್ಟರ್?"

"ಹೀಗೇ ಇದ್ದೆ."

"ಈಗ?"

"ಈಗ್ಲೂ ಹೀಗೇ ಇದ್ದೀನಿ."

ಅವರು ಪೆನ್ನಿನ ಕ್ಯಾಪ್ ಮುಚ್ಚಿದರು. "ಏನಾದ್ರೂ ಪಾಪದ ಜೀವನ?" ಎಂದರು. ನಾನು ತಲೆ ಕೆರೆದುಕೊಂಡು ಯೋಚಿಸಿ, ಪಿಯುಸಿಯಲ್ಲಿದ್ದಾಗ ಗೆಳತಿಯರ ಜೊತೆ ಮನೆಯಲ್ಲಿ ಹೇಳದೆ ಮ್ಯಾಟಿನಿಗೆ ಹೋಗಿದ್ದೆ ಎಂದೆ. ಸಿನಿಮಾ ಚೆನ್ನಾಗಿರಲಿಲ್ಲ ಎಂದೂ ಸೇರಿಸಿದೆ. ಅವರು ನಿಟ್ಟುಸಿರು ಬಿಟ್ಟು, ಪ್ರಾರ್ಥನೆ ಮಾಡಿಕೊಂಡು ಇನ್ನೊಂದು ಭಾನುವಾರ ಬನ್ನಿ ಎಂದು ಕಳಿಸಿದರು. ಇನ್ನೊಂದು ಭಾನುವಾರ ಹೋದೆ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ನಿಂತುಕೊಂಡೇ ಹೋಗಿ ನಿಂತುಕೊಂಡೇ ಬರುವ ಬಸ್ಸಿನಲ್ಲಿ ನನಗೆ ಬರುತ್ತಿದ್ದ ಕೋಪವೇ ನನ್ನ ದೊಡ್ಡ ಪಾಪವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಆ ಸಭೆಯಲ್ಲಿ ಕೇಳಿದ ಸಾಕ್ಷಿಗಳೋ! ಒಬ್ಬ ಹಿರಿಯರು ಕುಡಿತ ಬಿಟ್ಟ ಕತೆ ಹೇಳುತ್ತಿದ್ದರು. ನಾನು ಮೊದಲು ಕೇಳಿದಾಗ ಅವರು ಸಂಬಳದ ದಿನ ಮಾತ್ರ ಕುಡಿಯುತ್ತಿದ್ದರು. ಎರಡನೇ ಸಲಕ್ಕೆ ದಿನಾ ಕುಡಿಯುತ್ತಿದ್ದರು. ಮೂರನೇ ಸಲಕ್ಕೆ ರೈಲು ಹಳಿಯ ಮೇಲೆ ಮಲಗಿದ್ದರು. ಅವರು ಬಿಟ್ಟಿದ್ದು ನಿಜ, ಅವರ ಹೆಂಡತಿಯ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಷ್ಟು ಸಾಲದೇ? ಹಳಿ ಯಾಕೆ ಬೇಕಿತ್ತು?

ನನ್ನ ಬಡಕಲು ಸಾಕ್ಷಿಗೆ ಮೈ ತುಂಬಿಸುವ ಕೆಲಸವನ್ನು ಹುಡುಗನ ತಾಯಿ ಕೈಗೆತ್ತಿಕೊಂಡರು. ಮಾತಿನ ಮಧ್ಯೆ ಎಂದೋ ನಾನು, ಏಳನೇ ಕ್ಲಾಸಿನಲ್ಲಿ ನನಗೆ ಕಾಮಾಲೆಯಾಗಿತ್ತು ಎಂದಿದ್ದೆ. ಹತ್ತು ದಿನ ಶಾಲೆಗೆ ರಜೆ ಹಾಕಿ ಮಜ್ಜಿಗೆ ಅನ್ನ ತಿಂದು, ಕಬ್ಬಿನ ಹಾಲು ಕುಡಿದು ಆರಾಮಾಗಿದ್ದೆ. ಅವರಿಗೆ ಅಷ್ಟೇ ಸಾಕಾಯಿತು. ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅನ್ನುವ ಪೈಕಿ ಅವರು. ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಗೋಪಾಳದ ಹೆಂಗಸರೆಲ್ಲ ನನ್ನ ಕೈ ಹಿಡಿದು ಕಣ್ಣೀರು ಹಾಕುತ್ತಿದ್ದರು. ಡಾಕ್ಟರು ಕೈಬಿಟ್ಟಿದ್ದರಂತೆ, ಉಸಿರು ನಿಂತಿತ್ತಂತೆ, ನಮ್ಮಮ್ಮ ಮೂರು ದಿನ ನೀರು ಮುಟ್ಟಿರಲಿಲ್ಲವಂತೆ.

"ಆಂಟಿ, ಹಾಗೇನೂ ಆಗಿರ್ಲಿಲ್ಲ," ಎಂದೆ.

"ನಿಂಗೇನು ಗೊತ್ತಮ್ಮ, ನೀನು ಮಲಗಿದ್ದೆ," ಎಂದರು.

ಹುಡುಗನಿಗೆ ಹೇಳಿದರೆ ಅವನದು ಇನ್ನೊಂದು ರಾಗ. "ಎರಡು ನಿಮಿಷದ ಕೆಲಸ ಮಾರಾಯ್ತಿ. ಅಮ್ಮ ಹೇಳಿದ ಹಾಗೆ ಹೇಳಿಬಿಡು. ಅವರಿಗೂ ಖುಷಿ, ಪಾಸ್ಟರ್‌ಗೂ ಖುಷಿ."

"ದೇವರಿಗೆ?" ಎಂದು ಕೇಳಿದೆ. ನಿಜ ಹೇಳಿದರೆ ಅತ್ತೆಯಾಗುವವರಿಗೆ ಸಭೆಯಲ್ಲಿ ಅವಮಾನ, ಮದುವೆಯೂ ಅನುಮಾನ. ಸುಳ್ಳು ಹೇಳಿದರೆ ದೇವರ ಹೆಸರಲ್ಲೇ ಸುಳ್ಳು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಸ್ಥಿತಿ ನನ್ನದು.

ನನ್ನ ಬಳಿ ಇದ್ದದ್ದು ಒಂದೇ ಒಂದು ಸಂಗತಿ. ಅದನ್ನು ಸಾಕ್ಷಿ ಎನ್ನಲು ನನಗೇ ನಾಚಿಕೆಯಾಗುತ್ತಿತ್ತು.

ಅಪ್ಪನಿಗೆ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಕುಲುಮೆಯ ಹತ್ತಿರ ಕೆಲಸ. ಯಾವ ಶಿಫ್ಟ್ ಇರಲಿ, ಅಮ್ಮ ಊಟದ ಡಬ್ಬಿ ಕಟ್ಟಿ, ಅದರ ಮುಚ್ಚಳದ ಮೇಲೆ ಕೈಯಿಟ್ಟು ಒಂದೇ ಸಾಲು ಪ್ರಾರ್ಥನೆ ಮಾಡುತ್ತಿದ್ದಳು. "ಕರ್ತನೇ, ಹೋದವರು ಹೋದ ಹಾಗೇ ಬರಲಿ, ಆಮೆನ್." ಅಪ್ಪ ಆಗ ಚಪ್ಪಲಿ ಹುಡುಕುತ್ತಲೋ ಸೈಕಲ್ಲಿಗೆ ಗಾಳಿ ಇದೆಯಾ ಎಂದು ಒತ್ತಿ ನೋಡುತ್ತಲೋ ಇರುತ್ತಿದ್ದ. ದೇವರ ವಿಷಯದಲ್ಲಿ ಅವನಿಗೆ ಬಾಯೇ ಇರಲಿಲ್ಲ. ಚರ್ಚಿನಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕದ ಬೆಂಚೇ ಅವನಿಗೆ ಖಾಯಂ.

ನನಗೆ ಹದಿಮೂರಾಗಿದ್ದಾಗ ಒಂದು ದಿನ ಅಮ್ಮನಿಗೆ ಚಳಿಜ್ವರ. ಅಪ್ಪನಿಗೆ ಫಸ್ಟ್ ಶಿಫ್ಟ್. ನಾನೇ ಎದ್ದು ಅನ್ನ ಸಾರು ಮಾಡಿ ಡಬ್ಬಿ ಕಟ್ಟಿದೆ. ಅಪ್ಪ ತೆಗೆದುಕೊಳ್ಳಲು ಬಂದಾಗ, ಯಾರೂ ಹೇಳದಿದ್ದರೂ ನನ್ನ ಕೈ ಮುಚ್ಚಳದ ಮೇಲೆ ಹೋಯಿತು. ಅದೇ ಸಾಲು ಹೇಳಿದೆ. ಅಮ್ಮ ದಿನಾ ಗೊಣಗುತ್ತಿದ್ದ ಮಾತು ಅವತ್ತು ನನ್ನ ಬಾಯಲ್ಲಿ ಬಂದಾಗ, ಇದನ್ನು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಮೊದಲ ಸಲ ಅನ್ನಿಸಿತು. ಹೆದರಿಕೆಯೂ ಆಯಿತು, ಸಮಾಧಾನವೂ ಆಯಿತು. ಅಂದಿನಿಂದ ನಾನು ಪ್ರಾರ್ಥನೆ ಬಿಟ್ಟಿಲ್ಲ. ಇಷ್ಟೇ ನನ್ನ ಕತೆ. ಇದರಲ್ಲಿ ಹಳಿಯೂ ಇಲ್ಲ, ರೈಲೂ ಇಲ್ಲ.

ನಾಲ್ಕನೇ ಭಾನುವಾರ ಅಪ್ಪ ಅಮ್ಮನೂ ಜೊತೆಗೆ ಬಂದರು. ಅಂಗಡಿಯೊಂದರ ಮಹಡಿಯ ಮೇಲಿನ ಹಾಲ್ ಅದು. ಅಪ್ಪ ಮೆಟ್ಟಿಲ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕದಲ್ಲೇ ಕೂತ. ನನಗಿಂತ ಮುಂಚೆ ಕುಡಿತ ಬಿಟ್ಟ ಹಿರಿಯರು ಎದ್ದರು. ಈ ಸಲ ರೈಲಿನ ಡ್ರೈವರ್‌ಗೆ ದೇವದೂತ ಕಾಣಿಸಿದ್ದ. ಸ್ತೋತ್ರ, ಸ್ತೋತ್ರ ಎಂದು ಹಾಲ್ ಅದುರಿತು. ಆ ಅಬ್ಬರ ಇಳಿಯುವ ಮುಂಚೆಯೇ ಪಾಸ್ಟರ್ ನನ್ನ ಹೆಸರು ಕರೆದರು.

ನಾನು ಡಬ್ಬಿಯ ಕತೆ ಹೇಳಿದೆ. ಎರಡು ನಿಮಿಷವೂ ಆಗಲಿಲ್ಲ. ಒಂದೇ ಒಂದು ಸ್ತೋತ್ರವೂ ಕೇಳಿಸಲಿಲ್ಲ.

"ಅಷ್ಟೇನಾ ಸಿಸ್ಟರ್?" ಎಂದರು ಪಾಸ್ಟರ್.

"ಅಷ್ಟೇ."

ಹುಡುಗನ ತಾಯಿ ಮುಂದಿನ ಸಾಲಿನಿಂದ ಸೆರಗು ಬಾಯಿಗೆ ಅಡ್ಡ ಹಿಡಿದು, "ಕಾಮಾಲೆ ಹೇಳು, ಕಾಮಾಲೆ!" ಎಂದು ಪಿಸುಗುಟ್ಟಿದರು. ಪಿಸುಮಾತು ಹಾಲಿನ ಆ ತುದಿಗೂ ಕೇಳಿಸಿತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕಾಮಾಲೆ ಮಜ್ಜಿಗೆ ಅನ್ನಕ್ಕೆ ವಾಸಿಯಾಯ್ತು ಆಂಟಿ. ನಾನು ಸತ್ತಿರ್ಲಿಲ್ಲ," ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ.

ಅವರ ಮುಖ ಕೆಂಪಾಯಿತು. ಹುಡುಗ ನೆಲ ನೋಡಿದ. ಪಾಸ್ಟರ್ ಪೆನ್ನಿನ ಕ್ಯಾಪ್ ಮುಚ್ಚಲು ಕೈ ಎತ್ತಿದರು. ಮದುವೆ ಮುರಿಯಿತು ಎಂದುಕೊಂಡೆ.

ಆಗ ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಅಪ್ಪ ಎದ್ದು ನಿಂತಿದ್ದ. ನನ್ನ ಜನ್ಮದಲ್ಲಿ ಅವನು ಸಭೆಯಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

"ಅವತ್ತು ಅನ್ನ ಅರೆಬೆಂದಿತ್ತು," ಎಂದ. "ಸಾರಿಗೆ ಉಪ್ಪೇ ಹಾಕಿರ್ಲಿಲ್ಲ. ಬಾಯಿಗಿಡೋಕೆ ಆಗ್ತಿರ್ಲಿಲ್ಲ. ಚೆಲ್ಲೋಣ ಅಂತ ಎದ್ದೆ. ಆದ್ರೆ ಮಗಳು ಡಬ್ಬಿ ಮೇಲೆ ಕೈ ಇಟ್ಟಿದ್ದು ಕಣ್ಣಲ್ಲೇ ಇತ್ತು. ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ವಾಪಸ್ ಕೂತೆ."

ಅವನು ಪಕ್ಕದ ಗೋಡೆ ಹಿಡಿದುಕೊಂಡ.

"ಅಲ್ಲಿವರೆಗೆ ನಾನು ಕಾರ್ಖಾನೇಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಉಂಡವನಲ್ಲ. ಎಲ್ಲರೂ ನೋಡ್ತಾರೆ ಅಂತ ನಾಚಿಕೆ. ಅವತ್ತು ಮಾಡಿದೆ. ಅವತ್ತಿಂದ ದಿನಾ ಮಾಡ್ತೀನಿ."

ಅಷ್ಟು ಹೇಳಿ ಅಪ್ಪ ಕೂತುಬಿಟ್ಟ. ಆಮೇಲೂ ಯಾರೂ ಸ್ತೋತ್ರ ಎನ್ನಲಿಲ್ಲ. ಕುಡಿತ ಬಿಟ್ಟ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಪಾಸ್ಟರ್ ದೀಕ್ಷಾಸ್ನಾನದ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು. ಹುಡುಗನ ತಾಯಿ ಮೆಟ್ಟಿಲಿಳಿಯುವಾಗ ನನ್ನ ಕಡೆ ನೋಡದೆ ಹೋದರೂ, ಅಮ್ಮನಿಗೆ "ಊಟ ಮಾಡ್ಕೊಂಡೇ ಹೋಗಿ" ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪನನ್ನು ಬೈದೆ. ಮೂರು ವಾರದಿಂದ ಮನೆಯಲ್ಲಿ ಸಾಕ್ಷಿ ಇಲ್ಲ, ಸಾಕ್ಷಿ ಇಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ. ಅವನು ಎದುರಿಗೇ ಕೂತು ಪೇಪರ್ ಓದುತ್ತಿದ್ದ.

"ಇಷ್ಟು ವರ್ಷದಲ್ಲಿ ಒಂದು ಸಲ ಆದ್ರೂ ಹೇಳ್ಬಾರ್ದಿತ್ತಾ ಅಪ್ಪ?" ಎಂದೆ. ಸಿಟ್ಟಿನಲ್ಲಿ ಅಳುವೇ ಬಂತು.

ಅಪ್ಪ ಕಿಟಕಿಯಾಚೆ ನೋಡುತ್ತಾ, "ಸಾರಿಗೆ ಉಪ್ಪಿಲ್ಲ ಅಂದಿದ್ರೆ ಮಾರನೇ ದಿನ ನೀನು ಡಬ್ಬಿ ಕಟ್ಟಿಕೊಡ್ತಿದ್ಯಾ?" ಎಂದ.