ಅಪ್ಪನ ಚಾಕು ತೊಳೆದ ಭಾನುವಾರ

ವಾಶಿಂಗ್ ಮಶೀನಿನ ಡ್ರಮ್ಮಿಗೆ ಕಬ್ಬಿಣ ಬಡಿದ ಸದ್ದು ಕೇಳಿದಾಗ ನಾನು ಬಾಲ್ಕನಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೊದಲು ಟಕ್ ಎಂದು ಒಂದೇ ಸಲ. ನೀರು ಒಂದು ಸುತ್ತು ತಿರುಗಿದ ಮೇಲೆ ಮತ್ತೊಂದು ಟಕ್. ಆಮೇಲೆ ಬಿಡುವಿಲ್ಲದೆ ಟಕಟಕ, ಲೋಕಲ್ ರೈಲು ಹಳಿ ಬದಲಿಸುವಾಗ ಕಾಲ ಕೆಳಗೆ ಕೇಳುತ್ತದಲ್ಲ, ಹಾಗೆ. "ಮಮ್ಮಿ, ಮಶೀನ್ ಒಳಗೆ ಕುಛ್ ಟೂಟ್ ಗಯಾ!" ಏನೋ ಮುರಿಯಿತೆಂದು ಮಗಳು ಮೇಘಾ ಕೂಗಿದಳು. ಓಡಿಹೋಗಿ ಬಟನ್ ಒತ್ತಿದೆ. ಆ ಮಶೀನು ನಿಂತಿತು, ಆದರೆ ಬಾಗಿಲು ತೆಗೆಯಲೊಲ್ಲದು. ಒಳಗಿನ ನೀರು ಇಳಿಯಬೇಕಂತೆ, ಬಿಸಿ ಆರಬೇಕಂತೆ, ಅಲ್ಲಿಯವರೆಗೆ ಕೆಂಪು ದೀಪ ಮಿಣುಕಿಸುತ್ತ ಕೂರುತ್ತದಂತೆ. ದುಡ್ಡು ಕೊಟ್ಟು ತಂದ ನನ್ನದೇ ಮಶೀನಿನ ಮುಂದೆ ನಾನು ಸ್ಟೂಲು ಹಾಕಿಕೊಂಡು ಕಾದೆ. ಕೊನೆಗೆ ಬಾಗಿಲು ಬಿಟ್ಟುಕೊಟ್ಟಿತು. ಹಬೆಯಾಡುವ ಚಾದರಗಳ ನಡುವೆ ಅವ್ವನ ದಿಂಬಿನ ಚೀಲ ಒಂದು ಮೂಲೆಯಲ್ಲಿ ಹರಿದಿತ್ತು. ಹರಿದಲ್ಲಿಂದ ನನ್ನ ಅಪ್ಪನ ಮಡಚುವ ಚಾಕು ಮೂಗು ಹೊರಹಾಕಿ ನೋಡುತ್ತಿತ್ತು.

ಆ ಚಾಕು ಅಲ್ಲಿರುವುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಪ್ಪ ತೀರಿಕೊಂಡು ಅವ್ವ ಡೊಂಬಿವಲಿಯ ನಮ್ಮ ಫ್ಲ್ಯಾಟಿಗೆ ಬಂದಾಗಿನಿಂದ ಅದು ಅವಳ ತಲೆದಿಂಬಿನ ಕೆಳಗೇ ಇತ್ತು. ಕಬ್ಬಿಣ ತಲೆಯಡಿ ಇದ್ದರೆ ಕೆಟ್ಟ ಕನಸು ಬೀಳುವುದಿಲ್ಲ ಎಂಬುದು ನಮ್ಮ ವಿಜಾಪುರದ ಕಡೆಯ ನಂಬಿಕೆ; ಬಾಣಂತಿಗೂ ಇಡುತ್ತಾರೆ, ಬೆಚ್ಚಿಬೀಳುವ ಮಕ್ಕಳಿಗೂ ಇಡುತ್ತಾರೆ. ನಿಮ್ಮ ಮನೆಯಲ್ಲೂ ಯಾರೋ ಇಟ್ಟಿರಬಹುದು, ನೀವೂ ನನ್ನ ಹಾಗೆ ಜಗಳ ತೆಗೆದಿರಬಹುದು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕಬ್ಬಿಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನೂರು ಸಲ ಹೇಳಿದ್ದೆ. ಮನೆಯಲ್ಲಿ ಹುಡುಗಿ ಇದ್ದಾಳೆ, ಕೈ ಕೊಯ್ದುಕೊಂಡಾಳು ಎಂದೂ ಹೇಳಿದ್ದೆ. ಅವ್ವ ನನ್ನ ಮಾತು ಕೇಳಿದಳು, ತನ್ನ ರೀತಿಯಲ್ಲಿ. ಚಾಕು ಜಾರಿ ಹೊರಬೀಳದಂತೆ ದಿಂಬಿನ ಚೀಲದ ಒಳಮೂಲೆಗೆ ಒಂದು ಪುಟ್ಟ ಕಿಸೆಯನ್ನೇ ಹೊಲಿದಳು. ದಿಂಬಿನ ಚೀಲಕ್ಕೆ ಕಿಸೆ! ಅದನ್ನು ನನಗೆ ಹೇಳಲಿಲ್ಲ. ನಾನು ಭಾನುವಾರದ ಅವಸರದಲ್ಲಿ ಹಾಸಿಗೆಯ ಮೇಲಿದ್ದದ್ದನ್ನೆಲ್ಲ ಬಾಚಿ ತಬ್ಬಿ ತಂದು ತುರುಕಿದೆ. ಕಿಸೆ ನೋಡದೆ ಬಟ್ಟೆ ನೀರಿಗೆ ಹಾಕಬಾರದು ಎಂಬುದನ್ನು ಅಕ್ಷರಕ್ಕಿಂತ ಮೊದಲು ಕಲಿತವಳು ನಾನು.

ಆಗ ನಾವು ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿದ್ದೆವು. ಒಂದೇ ಖೋಲಿ, ಅದರ ಮೂಲೆಯಲ್ಲೇ ಮೊಳಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಸ್ನಾನ, ಪಾತ್ರೆ, ಬಟ್ಟೆ ಎಲ್ಲವೂ ಅಲ್ಲಿಯೇ. ಅಪ್ಪ ಮಾಟುಂಗದ ಮಾರ್ಕೆಟ್ಟಿನಲ್ಲಿ ಬಾಳೆ ಎಲೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬೆಳಗಾಗುವ ಮೊದಲೇ ಬರುವ ಎಲೆಯ ಹೊರೆಗಳ ನಾರು ಕತ್ತರಿಸುವುದು, ಎಲೆ ಬಿಡಿಸುವುದು, ಬಾಳೆಗೊನೆಯಿಂದ ಹಣಿಗೆ ಹಣಿಗೆಯಾಗಿ, ಅಂದರೆ ಚಿಪ್ಪು ಚಿಪ್ಪಾಗಿ ಕಾಯಿ ಕೊಯ್ಯುವುದು, ದಿಂಡು ಸುಲಿಯುವುದು, ಎಲ್ಲಕ್ಕೂ ಅದೇ ಚಾಕು. ಮರದ ಹಿಡಿ, ಎರಡು ಹಿತ್ತಾಳೆಯ ಮೊಳೆ. ಬಾಳೆಯ ಸೊನೆ ಕುಡಿದೂ ಕುಡಿದೂ ಹಿಡಿ ಕಪ್ಪಾಗಿತ್ತು, ಮಡಿಕೆಯ ಸಂದು ಅಂಟುಗಟ್ಟಿತ್ತು. ಅದನ್ನು ಬಿಚ್ಚಲು ಅಪ್ಪನ ಹೆಬ್ಬೆರಳಿನ ಉಗುರೇ ಬೇಕು. ನಾನು ಎಷ್ಟೋ ಸಲ ಕದ್ದು ಪ್ರಯತ್ನಿಸಿ ಉಗುರು ಮುರಿದುಕೊಂಡದ್ದಿದೆ. ಸಂಜೆ ಅವನು ಬಾಗಿಲಲ್ಲಿ ನಿಂತರೆ ಖೋಲಿಯೊಳಗೆ ಮೊದಲು ಬರುತ್ತಿದ್ದದ್ದು ಆ ವಾಸನೆ: ಹಸಿ ಬಾಳೆಯ ಒಗರು, ಬೆವರು, ಚಾಕುವಿನ ತುದಿಯಿಂದಲೇ ಕೆರೆದುಕೊಳ್ಳುತ್ತಿದ್ದ ತಂಬಾಕಿನ ಸುಣ್ಣ.

ಬಾಳೆಯ ಕಲೆ ಎಂಥದೆಂದು ತಿಳಿದವರಿಗೆ ತಿಳಿದಿರುತ್ತದೆ. ಬೀಳುವಾಗ ನೀರಿನ ಹನಿ. ಒಣಗಿದ ಮೇಲೆ ಕಂದು. ತೊಳೆದ ಮೇಲೆ ಇನ್ನೂ ಕಪ್ಪು. ಅವ್ವ ಜೀವನವಿಡೀ ಹೋರಾಡಿದ್ದು ಬಡತನದ ಜೊತೆ ಎಂದು ನೀವು ತಿಳಿದರೆ ತಪ್ಪು. ಅವಳು ಹೋರಾಡಿದ್ದು ಆ ಕಲೆಯ ಜೊತೆ. ಸೋಡಾ, ನಿಂಬೆಹಣ್ಣು, ಉಪ್ಪು, ಸೀಮೆಎಣ್ಣೆ, ನೆರೆಯ ಮರಾಠಿ ಹೆಂಗಸರು ಹೇಳಿದ ಮಜ್ಜಿಗೆ ಎಲ್ಲ ಆಯಿತು. ಸೋತ ಮೇಲೆ ಅವಳು ಒಂದು ಗಡಿ ಹಾಕಿದಳು. ಮೋರಿಯಲ್ಲಿ ಎರಡು ಬಕೆಟ್ಟು. ನೀಲಿಯದು ಅಪ್ಪನದು, ಅದಕ್ಕೆ 'ಬಾಳಿ ಬಕೆಟ್' ಎಂದೇ ಹೆಸರು. ಕೆಂಪು ಬಕೆಟ್ಟು ನಮ್ಮದು. ಒಂದರ ಬಟ್ಟೆ ಇನ್ನೊಂದಕ್ಕೆ ಬೀಳಕೂಡದು. ನೆನೆಹಾಕುವ ಮೊದಲು ಎಲ್ಲರ ಕಿಸೆ ತಡಕಿ, ಸಿಕ್ಕದ್ದನ್ನು ಡಬ್ಬಿಗೆ ಹಾಕುವ ಕೆಲಸ ನನ್ನದು. ಮೊಳೆ, ಬಸ್ಸಿನ ಟಿಕೀಟು, ನಾರಿನ ತುಂಡು, ಕೊನೆಯಲ್ಲಿ ಚಾಕು.

ಹತ್ತನೆಯ ಇಯತ್ತೆಯಲ್ಲಿದ್ದಾಗ ಒಂದು ಸಲ ತಪ್ಪಿದೆ. ಮರುದಿನ ಬೋರ್ಡ್ ಪರೀಕ್ಷೆಯ ಫಾರ್ಮಿಗೆ ಫೋಟೋ ತೆಗೆಸಬೇಕಿತ್ತು, ಅದಕ್ಕೆ ಬಿಳಿ ಯೂನಿಫಾರ್ಮ್ ಬೇಕಿತ್ತು. ಇದ್ದದ್ದು ಒಂದೇ ಅಂಗಿ. ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ಹಾಕುತ್ತ, ಅಪ್ಪನ ಪ್ಯಾಂಟನ್ನು ಕಿಸೆಯಲ್ಲಿದ್ದ ಚಾಕುವಿನ ಸಮೇತ ಕೆಂಪು ಬಕೆಟ್ಟಿಗೆ ಹಾಕಿದೆ. ಅಂದಿನ ಹಸಿ ಸೊನೆಯೆಲ್ಲ ಅಂಗಿಯ ಎಡಭುಜಕ್ಕೆ ಅಂಟಿತು. ಹಿಂಡಿ ಜಾಡಿಸಿದಾಗ ಅಂಗೈಯಗಲದ ಕಲೆ. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಅಪ್ಪನ ಕಡೆ ತಿರುಗಿದಳು. "ಒಂದ ದಿನ, ಒಂದೇ ಒಂದ ದಿನ ಸ್ವಚ್ಛ ಮನಿಗಿ ಬರ್ರಿ ಅಂದ್ರ ಆಗೂದಿಲ್ಲ ನಿಮಗ! ಈಗ ಈ ಹುಡುಗಿ ಮಾರಿ ಹ್ಯಾಂಗ ತೋರಸಬೇಕು ಸಾಲ್ಯಾಗ?"

ಅಪ್ಪ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋಟೋದಾಗ ಮಾರಿ ಬರತದ, ಭುಜಾ ಯಾರ ನೋಡತಾರ? ಪರೀಕ್ಷಾ ಅಂಗಿ ಬರೀತದೇನು?" ಎಂದ.

"ಭುಜಾ ಇಲ್ಲದ ಫೋಟೋ ತಗೀತಾರೇನು? ಶಾಣ್ಯಾ ಅದೀರಿ!"

ತಪ್ಪು ನನ್ನದು ಎಂದು ಹೇಳಲು ನಾನು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ಸುಮ್ಮನಿರಿಸಿದ. ಬೈಗುಳವೆಲ್ಲ ಅವನ ಪಾಲಿಗೇ ಹೋಯಿತು. ಮರುದಿನ ಸ್ಟುಡಿಯೋಕ್ಕೆ ಅವನೇ ಕರೆದೊಯ್ದ. ಎಡಕ್ಕೆ ಸ್ವಲ್ಪ ವಾಲು, ಜಡೆ ಮುಂದೆ ಹಾಕಿಕೋ ಎಂದು ಫೋಟೋಗ್ರಾಫರನಿಗಿಂತ ಹೆಚ್ಚು ಅವನೇ ಹೇಳಿದ. ಆದರೂ ಜಡೆಯ ಪಕ್ಕದಲ್ಲಿ ಆ ಕಲೆಯ ಅಂಚು ಕಾಣುತ್ತದೆ. ಆ ಹಾಲ್ ಟಿಕೀಟು ಇಂದಿಗೂ ನನ್ನ ಬಳಿ ಇದೆ. ನಮ್ಮ ಮನೆತನದಲ್ಲಿ ಹತ್ತನೆಯದನ್ನು ಮೊದಲು ದಾಟಿದವಳು ನಾನು, ಪದವಿ ಪಡೆದ ಮೊದಲಿಗಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಪುಕ್ಕಟೆ ಸಿಕ್ಕದ್ದಲ್ಲ ಅದು.

ಕಾಲೇಜಿನಲ್ಲಿ ಬಾಳೆಯ ಕಲೆ ಏಕೆ ಕಪ್ಪಾಗುತ್ತದೆ, ಏಕೆ ನೂಲನ್ನು ಕಚ್ಚಿ ಹಿಡಿಯುತ್ತದೆ ಎಂದು ತಿಳಿದ ದಿನ ಓಡಿಬಂದು ಅವ್ವನಿಗೆ ವಿವರಿಸಿದ್ದೆ. ಅವಳು ಬಟ್ಟೆ ಉಜ್ಜುವ ಬ್ರಶ್ಶು ಕೆಳಗಿಡದೆ ಎಲ್ಲವನ್ನೂ ಕೇಳಿದಳು. "ಕಲಿ ಹ್ಯಾಂಗ ಬೀಳತದ ಅನ್ನೂದು ನನಗ ಗೊತ್ತದ. ಹ್ಯಾಂಗ ಹೋಗತದ ಅಂತ ಕಲಸೂದಿಲ್ಲೇನು ನಿಮ್ಮ ಕಾಲೇಜಿನಾಗ?" ಅಪ್ಪ ಮೂಲೆಯಲ್ಲಿ ಕೂತು ಕೆಮ್ಮು ಬರುವವರೆಗೂ ನಕ್ಕ. ಆ ನಗು ಈಗಿಲ್ಲ. ಆ ಖೋಲಿಯೂ ಇಲ್ಲ. ಚಾಳು ಕೆಡವಿ ಎತ್ತರದ ಬಿಲ್ಡಿಂಗ್ ಎಬ್ಬಿಸಿದ್ದಾರೆ. ನಮ್ಮ ಮೋರಿ ಇದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ.

ಹೀಗೆ ಆ ಭಾನುವಾರ ನಾನು ಒದ್ದೆ ಚಾಕು ಹಿಡಿದು ನಿಂತಿರುವಾಗ ಅವ್ವ ದೇವಸ್ಥಾನದಿಂದ ಬಂದಳು. ತಪ್ಪು ಮಾಡಿದವಳು ನಾನೇ ಆದರೂ ಮೊದಲು ರೇಗಿದವಳೂ ನಾನೇ. ಡ್ರಮ್ಮಿಗೆ ಗೀರು ಬಿದ್ದಿದೆ, ಚಾದರ ಎರಡು ಕಡೆ ಸೀಳಿದೆ, ದಿಂಬಿಗೆ ಕಿಸೆ ಹೊಲಿಯುವ ಬುದ್ಧಿ ಯಾರು ಕೊಟ್ಟರು ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಸರಿಸಮಾನ ಉತ್ತರ ಬರುತ್ತದೆ ಎಂದು ಕಾದೆ. ಅವ್ವ ಚಪ್ಪಲಿ ಬಿಟ್ಟು ಬಂದು ನನ್ನ ಕೈಯಿಂದ ಚಾಕು ತೆಗೆದುಕೊಂಡಳು. ಕಪ್ಪಗಿದ್ದ ಹಿಡಿ ಬಿಸಿನೀರಿಗೆ, ಸೋಪಿಗೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಅವಳು ಹೆಬ್ಬೆರಳು ತಾಗಿಸಿದಳು, ಅಷ್ಟೆ. ಅಲಗು ಸಲೀಸಾಗಿ ಬಿಚ್ಚಿಕೊಂಡಿತು. ಅಪ್ಪನ ಹೊರತು ಯಾರಿಗೂ ಬಗ್ಗದ ಚಾಕು. ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಮಡಚಿದಳು. ಮತ್ತೆ ಹಿಡಿದಳು.

"ಕಬ್ಬಿಣಕ್ಕ ಏನೂ ಆಗಿಲ್ಲ ಅವ್ವಾ," ಎಂದೆ. "ನಿನ್ನ ಕನಸು ಕಾಯಲಿಕ್ಕೆ ಅಷ್ಟು ಸಾಕಲ್ಲ?"

"ಕನಸಿಗಿ ಯಾರ ಇಟ್ಟಿದ್ರು?" ಎಂದಳು ಅವ್ವ. "ಅವರ ವಾಸನಿ ಇತ್ತ ಇದರಾಗ."

ಇಷ್ಟು ವರ್ಷ ನಾನು ಕಬ್ಬಿಣದ ವಿರುದ್ಧ ವಾದಿಸುತ್ತ ಬಂದಿದ್ದೆ. ಅವಳು ಒಮ್ಮೆಯಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ನನಗೆ ಸಿಟ್ಟೇ ಬಂತು. ಯಾರ ಮೇಲೆ ಎಂದು ಕೇಳಬೇಡಿ. ಮೂವತ್ತು ವರ್ಷ ಆ ಕಲೆ ಹೋಗಲೆಂದು ಅವಳು ಕೈ ಸವೆಸಿದಳು. ನಾನು ಒಂದು ಬಟನ್ ಒತ್ತಿ ಮುಗಿಸಿದೆ.

ಮರುದಿನ ಕಾಲೇಜು ಬಿಟ್ಟ ಮೇಲೆ ಮಾಟುಂಗದಲ್ಲಿ ಇಳಿದೆ. ಅಪ್ಪನಿದ್ದ ಅಂಗಡಿ ಈಗ ಮೊಬೈಲಿನ ಕವರು ಮಾರುತ್ತದೆ. ಪಕ್ಕದ ಫುಟ್‌ಪಾಥಿನಲ್ಲಿ ತಮಿಳು ಹೆಂಗಸೊಬ್ಬಳು ಎಲೆ ಹರಡಿ ಕೂತಿದ್ದಳು. ಅವಳ ಹತ್ತಿರ ಒಂದು ಹಣಿಗೆ ಹಸಿ ಬಾಳೆಕಾಯಿ, ಒಂದು ಮೊಳ ದಿಂಡು ಕೊಂಡು, ಸಂಜೆಯ ಲೋಕಲ್‌ನಲ್ಲಿ ಜನರ ಮೊಣಕೈಗಳ ನಡುವೆ ಎದೆಗವಚಿಕೊಂಡು ತಂದೆ. ಅಡುಗೆಮನೆಯಲ್ಲಿ ಆ ಚಾಕುವಿನಿಂದಲೇ ಒಂದೊಂದು ಕಾಯಿಯ ತೊಟ್ಟು ಕೊಯ್ದೆ. ಸೊನೆ ತೊಟತೊಟ ಇಳಿಯಿತು. ಅಲಗಿಗೆ, ಹಿಡಿಗೆ, ಮಡಿಕೆಯ ಸಂದಿಗೆ ಸವರಿದೆ. ಎಂಎಸ್ಸಿ ಮಾಡಿದವಳು ಸಿಂಕಿನ ಮುಂದೆ ನಿಂತು ಇಂಥ ಕೆಲಸ ಮಾಡುತ್ತಿದ್ದಾಳೆ ಎಂದು ನನ್ನ ಮೇಲೆ ನನಗೇ ಬೇಸರವಾಯಿತು. ಆದರೂ ನಿಲ್ಲಿಸಲಿಲ್ಲ.

ಅವ್ವ ಬಂದು ಬಾಗಿಲಲ್ಲಿ ನಿಂತದ್ದು ವಾಸನೆಗೇ ಇರಬೇಕು. ಚಾಕು ಅವಳ ಕೈಗೆ ಕೊಟ್ಟೆ. ಕಣ್ಣು ಮುಚ್ಚಿ ಮೂಸಿದಳು.

"ಬಾಳಿ ಬಂತು," ಎಂದಳು. ಮತ್ತೊಮ್ಮೆ ಮೂಸಿ, "ಬಾಳಿ ಅಷ್ಟೇ ಬಂತು ನೋಡು."

ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದಳು. ನನ್ನ ಹೊಸ ಬಿಳಿ ಕುರ್ತಾದ ಮುಂಭಾಗದ ಮೇಲೆಲ್ಲ ಹನಿ ಬಿದ್ದಿತ್ತು. ಅವಳ ದನಿ ಒಮ್ಮೆಲೇ ಏರಿತು, ಡೊಂಬಿವಲಿಯ ಈ ಫ್ಲ್ಯಾಟಿನಲ್ಲಿ ನಾನು ಅದುವರೆಗೆ ಕೇಳದ, ಆಂಟಾಪ್ ಹಿಲ್‌ನ ದನಿ. "ಒಂದ ದಿನ, ಒಂದೇ ಒಂದ ದಿನ ಸ್ವಚ್ಛ ಇರು ಅಂದ್ರ ಆಗೂದಿಲ್ಲ ನಿನಗ! ತಗಿ ಅದನ್ನ ಮೊದಲ!"

ಬದಲಾಯಿಸಿ ತಂದುಕೊಟ್ಟೆ. ಮಶೀನಿಗೆ ಹಾಕಲು ಅವಳು ಬಿಡಲಿಲ್ಲ. ಬಾತ್‌ರೂಮಿನಲ್ಲಿ ಬೇರೆ ಬಕೆಟ್ಟು ತೆಗೆದುಕೊಂಡು, ನೀರು ತುಂಬಿ, ಕುರ್ತಾ ಅದರೊಳಗೆ ಇಳಿಸುವ ಮೊದಲು ಅದರ ಎರಡೂ ಕಿಸೆಗಳನ್ನು ತಡಕಿದಳು. ಅವುಗಳಲ್ಲಿ ಏನೂ ಇರಲಿಲ್ಲ. ಆದರೂ ಕೈ ಹೊರಗೆ ತೆಗೆಯಲು ಅವಳಿಗೆ ತುಸು ಹೊತ್ತು ಹಿಡಿಯಿತು.