ಡಬ್ಬದ ನೀರಿಗೆ ತೆಗೆದ ಎಕ್ಸ್‌ರೇ

೧೯೬೪ನೇ ಇಸವಿ. ಆಗ ನಾನು ಯಶವಂತಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದೆ. ದೊಡ್ಡಬಳ್ಳಾಪುರದಿಂದ ಬಂದವನು, ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ಇಪ್ಪತ್ತಾರನೇ ವಯಸ್ಸಿಗೆ. ಹಾಗಾಗಿ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದೆ.

ಒಂದು ದಿನ ನನ್ನ ಹೆಂಡತಿ ಸಾವಿತ್ರಿ ಗೊರಗುಂಟೆಪಾಳ್ಯದ ನಮ್ಮ ಮನೆಯ ಬಾವಿಯ ಹತ್ತಿರ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು. ನಾನೇ ಎಕ್ಸ್‌ರೇ ತೆಗೆದೆ. ಮೊದಲನೆಯದು ಮಸುಕಾಯಿತು, ಎರಡನೆಯದಕ್ಕೆ ಅವಳು ನೋವಿನಿಂದ ಅಲುಗಾಡಿಬಿಟ್ಟಳು, ಮೂರನೆಯದು ಸರಿಯಾಯಿತು. ಮೂಳೆ ಮುರಿದಿರಲಿಲ್ಲ.

ಬಸುರಿಯ ಹೊಟ್ಟೆಗೆ ಎಕ್ಸ್‌ರೇ ಬಿದ್ದರೆ ಕೂಸಿಗೆ ಕೇಡಾಗಬಹುದು; ಅದಕ್ಕೇ ಹೆಂಗಸರು ಬಂದರೆ, ಮುಟ್ಟಾಗಿ ಎಷ್ಟು ದಿನವಾಯಿತೆಂದು ಆಯಾ ನಂಜಮ್ಮ ಮೊದಲು ಕೇಳಬೇಕು. ನನ್ನ ಹೆಂಡತಿಯಲ್ಲವೇ, ನನಗೆ ಗೊತ್ತಿರುತ್ತದೆ ಎಂದು ಅವರು ಕೇಳಲಿಲ್ಲ. ಅವರು ಕೇಳಿರುತ್ತಾರೆ ಎಂದು ನಾನು ಸುಮ್ಮನಿದ್ದೆ. ಮೂರು ವಾರದ ಮೇಲೆ ಅವಳು ಬಸುರಿ ಎಂದು ತಿಳಿಯಿತು. ಲೆಕ್ಕ ಹಾಕಿದರೆ, ಎಕ್ಸ್‌ರೇ ತೆಗೆದಾಗಲೇ ಮಗು ಹೊಟ್ಟೆಯಲ್ಲಿತ್ತು.

ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. "ಕೈಕಾಲಿಲ್ಲದ ಕೂಸು ಹುಟ್ಟಿದ್ರೆ ಏನ್ಲಾ ಮಾಡ್ತೀಯ? ಈಗ್ಲೇ ಕಷಾಯ ಕುಡಿಸಿ ಇಳಿಸ್ಬಿಡು" ಎಂದು ಅಮ್ಮ ಹಟ ಹಿಡಿದರು. ಸಾವಿತ್ರಿ ಮಾತೇ ಬಿಟ್ಟಳು.

ನಮ್ಮ ಮೆಷಿನ್ ಪರೀಕ್ಷೆ ಮಾಡಲು ಬರುತ್ತಿದ್ದ ಭೌತಶಾಸ್ತ್ರದ ಮೇಷ್ಟ್ರ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ.

"ಅಳೋದು ಆಮೇಲೆ. ಎಷ್ಟು ಕರೆಂಟು, ಎಷ್ಟು ಸೆಕೆಂಡು, ಬರ್ದಿಟ್ಟಿದ್ದೀಯೇನಪ್ಪ?"

ಹಾಳಾದ ಎರಡು ಎಕ್ಸ್‌ರೇಗಳದ್ದನ್ನೂ ಬಿಡದೆ ಬರೆದಿದ್ದೆ.

"ಭೇಷ್! ಹೋಗಿ ಹೆಂಡ್ತೀನ ಮಲಗ್ಸಿ, ಬೆನ್ನಿಂದ ಹೊಟ್ಟೇವರೆಗೂ ದಪ್ಪ ಅಳ್ಕೊಂಡ್ ಬಾ."

ಮನೆಯಲ್ಲಿ ಸ್ಕೇಲು ಹಿಡಿದು ಕೂತಾಗ ಸಾವಿತ್ರಿ, "ಆಸ್ಪತ್ರೇಲಿ ಊರೋರ್ನೆಲ್ಲ ಅಳ್ದಾಯ್ತು, ಈಗ ನನ್ನ ಸರದೀನೇನ್ರೀ?" ಎಂದಳು. ಎಷ್ಟೋ ದಿನಗಳ ಮೇಲೆ ಅವಳು ಆಡಿದ ಮಾತು ಅದು. ಎಂಟು ಇಂಚು ಬಂತು.

ಮಾರನೆಯ ದಿನ ಮೇಷ್ಟ್ರು ಒಂದು ಸೀಮೆಎಣ್ಣೆ ಡಬ್ಬದ ಮುಚ್ಚಳ ಕತ್ತರಿಸಿ, ಎಂಟು ಇಂಚು ನೀರು ತುಂಬಿಸಿ, ಎಕ್ಸ್‌ರೇ ಮೇಜಿನ ಮೇಲಿಡಿಸಿದರು. "ಇದೇ ನಿನ್ನ ಹೆಂಡ್ತಿ ಅಂದ್ಕೊ. ಎಕ್ಸ್‌ರೇ ಪಾಲಿಗೆ ಮೈಗೂ ನೀರಿಗೂ ಹೆಚ್ಚು ಫರಕಿಲ್ಲ." ಎಕ್ಸ್‌ರೇ ಎಷ್ಟು ಬಿತ್ತೆಂದು ತೋರಿಸುವ, ಪೆನ್ನಿನಂಥ ಒಂದು ಮೀಟರನ್ನು ರಬ್ಬರ್ ಚೀಲದಲ್ಲಿ ಸುತ್ತಿ, ಮಗು ಇರುವಷ್ಟು ಆಳಕ್ಕೆ ಇಳಿಬಿಟ್ಟರು. ಅವತ್ತಿನಂತೆಯೇ ಮೂರು ಸಲ ಎಕ್ಸ್‌ರೇ ಹಾಯಿಸಿದೆ.

ಅವರು ಮೀಟರನ್ನು ಬೆಳಕಿಗೆ ಹಿಡಿದು ನೋಡಿದರು. ಕಾಗದದ ಮೇಲೆ ಒಂದು ಸಲ ಗುಣಿಸಿದರು, ಇನ್ನೊಂದು ಸಲ ಗುಣಿಸಿದರು.

"ನೋಡಪ್ಪ, ಮಗು ಹಿಂಗೇ ಹುಟ್ಟುತ್ತೆ ಅಂತ ಆಣೆ ಇಟ್ಟು ಯಾರೂ ಹೇಳೋಕಾಗಲ್ಲ. ಆದ್ರೆ ಇಷ್ಟಾದ್ರೆ ಹೆದರ್ಬೇಕು ಅಂತ ಪುಸ್ತಕದಲ್ಲಿ ಏನಿದೆಯೋ, ಅದರ ಹತ್ರಕ್ಕೂ ಇದು ಬಂದಿಲ್ಲ. ಆ ಕಷಾಯ ಗಿಷಾಯ ಮೋರಿಗೆ ಸುರೀರಿ ಅಂತ ನಿಮ್ಮಮ್ಮಂಗೆ ಹೇಳು."

ಮನೆಗೆ ಓಡಿದೆ. ಅಮ್ಮ "ನಿಜಾನಾ?" ಎಂದು ಎರಡು ಸಲ ಕೇಳಿ, ಕಷಾಯವನ್ನು ತಾವೇ ಹೋಗಿ ಮೋರಿಗೆ ಸುರಿದು ಬಂದರು. ಸಾವಿತ್ರಿ ಗೋಡೆಗೊರಗಿ ಕೂತು ಬಹಳ ಹೊತ್ತು ಅತ್ತಳು. ಆಮೇಲೆ "ಹಸಿವಾಗ್ತಿದೆ" ಎಂದಳು.

ಹೆಣ್ಣು ಮಗು ಹುಟ್ಟಿತು, ಕೈಕಾಲು ಗಟ್ಟಿಮುಟ್ಟಾಗಿ. ಈಗ ಅವಳಿಗೇ ಇಬ್ಬರು ಮಕ್ಕಳು. ಅಡುಗೆಮನೆಯಲ್ಲಿ ಅವಳು ಜೋರಾಗಿ ನಕ್ಕರೆ, ಅವತ್ತು ಆ ಕಷಾಯ ಕುಡಿಸಿಬಿಟ್ಟಿದ್ದರೆ ಎಂದು ಇವತ್ತಿಗೂ ಒಂದು ಕ್ಷಣ ನನ್ನ ಎದೆ ಝಲ್ಲೆನ್ನುತ್ತದೆ. ಆಮೇಲೆ ದೊಡ್ಡದಾಗಿ ಉಸಿರುಬಿಟ್ಟು, ಕಾಫಿ ಕೊಡಮ್ಮ ಎನ್ನುತ್ತೇನೆ.